ಹೀಟ್ ಪಂಪ್ ಜೊತೆಗೆ ಗ್ಯಾಸ್ ಗೀಸರ್: ಉತ್ತರ ಕನ್ನಡದ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿಯೂ ಕೆಳಗಿನ ಕಾರವಾರ, ಕುಮಟಾ, ಹೊನ್ನಾವರಗಳಲ್ಲಿಯೂ ಬಚ್ಚಲ ಹಂಡೆಯ ಜಾಗಕ್ಕೆ ಏನು ತರಬೇಕು ಎಂಬ ಮಾತು ನಡೆಯುತ್ತಲೇ ಇರುತ್ತದೆ. ಹೀಟ್ ಪಂಪನ್ನೂ ಗ್ಯಾಸ್ ಗೀಸರನ್ನೂ ಒಟ್ಟಿಗೆ ಹಾಕಿಸುವ ಬಗ್ಗೆ ಮಾತಿನಲ್ಲಿ, ಪತ್ರದಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳು ಇಲ್ಲಿವೆ. ಲೆಕ್ಕಗಳಲ್ಲಿ ವಿದ್ಯುತ್ತಿಗೆ ಯೂನಿಟ್ಟಿಗೆ 7 ರೂಪಾಯಿ, 14.2 ಕಿಲೋ ಸಿಲಿಂಡರಿಗೆ 900 ರೂಪಾಯಿ ಎಂದು ಹಿಡಿದಿದ್ದೇನೆ. ನಿಮ್ಮ ಬಿಲ್ಲಿನಲ್ಲಿ ಬೇರೆ ದರವಿದ್ದರೆ ಅದನ್ನೇ ಹಾಕಿ ಗುಣಿಸಿಕೊಳ್ಳಿ.

## ಮೊದಲು ತಿಳಿಯಬೇಕಾದದ್ದು

ಹೀಟ್ ಪಂಪ್ ಎಂದರೆ ಏನು? ಕರೆಂಟಿನ ಗೀಸರಿಗೇ ಇಟ್ಟ ಹೊಸ ಹೆಸರೋ?

ಅಲ್ಲ. ಸಾಮಾನ್ಯ ಗೀಸರಿನಲ್ಲಿ ಕಾಯಿಲ್ ಕಾಯುತ್ತದೆ, ಅದರಿಂದ ನೀರು ಕಾಯುತ್ತದೆ. ಒಂದು ಯೂನಿಟ್ ವಿದ್ಯುತ್ ಸುಟ್ಟರೆ ಸಿಗುವುದು 860 ಕಿಲೋ ಕ್ಯಾಲರಿ ಶಾಖ, ಅದಕ್ಕಿಂತ ಒಂದು ಕಾಳೂ ಹೆಚ್ಚಿಲ್ಲ. ಹೀಟ್ ಪಂಪ್ ವಿದ್ಯುತ್ತನ್ನು ಶಾಖವಾಗಿ ಸುಡುವುದಿಲ್ಲ. ಕಂಪ್ರೆಸರ್ ಮತ್ತು ಫ್ಯಾನ್ ತಿರುಗಿಸಲು ಮಾತ್ರ ಅದನ್ನು ಬಳಸಿ, ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಹೀರಿ ನೀರಿಗೆ ಕೊಡುತ್ತದೆ. ಫ್ರಿಜ್ಜಿನ ಹಿಂಬದಿ ಬೆಚ್ಚಗಿರುತ್ತದಲ್ಲ, ಒಳಗಿನ ಪಾತ್ರೆಗಳಿಂದ ತೆಗೆದ ಶಾಖ ಅದು. ಹೀಟ್ ಪಂಪಿನಲ್ಲಿ ನಡೆಯುವುದೂ ಇದೇ ಕೆಲಸ, ಇಲ್ಲಿ ನಮಗೆ ಬೇಕಾದದ್ದು ಹಿಂಬದಿಯ ಬಿಸಿ. ಹೀಗೆ ಒಂದು ಯೂನಿಟ್ಟಿಗೆ ಮೂರು ಯೂನಿಟ್ಟಿನಷ್ಟು ಶಾಖ ಸಿಗುತ್ತದೆ, ಹೊರಗಿನ ಗಾಳಿ ಬೆಚ್ಚಗಿದ್ದರೆ ಇನ್ನೂ ಹೆಚ್ಚು. ಎಷ್ಟು ಪಟ್ಟು ಎಂಬ ಈ ಅಂಕಿಯನ್ನೇ ಅಂಗಡಿಯವರು ಸಿಒಪಿ ಎನ್ನುತ್ತಾರೆ.

ಅಷ್ಟು ಒಳ್ಳೆಯದಿದ್ದರೆ ಅದೊಂದೇ ಸಾಕಲ್ಲ, ಜೊತೆಗೆ ಗ್ಯಾಸ್ ಏಕೆ?

ಹೀಟ್ ಪಂಪಿಗೆ ಎರಡು ಕೊರತೆಗಳಿವೆ. ಒಂದು, ಅದು ನಿಧಾನ. ಮನೆಬಳಕೆಯ 200 ಲೀಟರಿನ ಹೀಟ್ ಪಂಪ್ ಗಂಟೆಗೆ ಸುಮಾರು 2,000 ಕಿಲೋ ಕ್ಯಾಲರಿ ಶಾಖ ಕೊಡುತ್ತದೆ, ತೊಟ್ಟಿ ಪೂರ್ತಿ ಕಾಯಲು ಮೂರು ಗಂಟೆ ಬೇಕು. ನಿಮಿಷಕ್ಕೆ 6 ಲೀಟರ್ ಕೊಡುವ ಸಾಧಾರಣ ಗ್ಯಾಸ್ ಗೀಸರ್ ಗಂಟೆಗೆ 9,000 ಕಿಲೋ ಕ್ಯಾಲರಿಯಷ್ಟು ಶಾಖವನ್ನು ನೀರಿಗೆ ಸೇರಿಸಬಲ್ಲದು. ನರಕ ಚತುರ್ದಶಿಯ ನಸುಕಿನಲ್ಲಿ ಹದಿನೈದು ಜನ ಎಣ್ಣೆ ಹಚ್ಚಿಕೊಂಡು ಅಭ್ಯಂಜನಕ್ಕೆ ಸಾಲಾಗಿ ಕಾದಿರುವಾಗ ಈ ವ್ಯತ್ಯಾಸದ ಅರ್ಥ ತಿಳಿಯುತ್ತದೆ.

ಎರಡು, ಕರೆಂಟು ಇಲ್ಲದಿದ್ದರೆ ಅದು ಸುಮ್ಮನೆ ನಿಂತಿರುವ ಪೆಟ್ಟಿಗೆ. ಕಾಳಿ ಕೊಳ್ಳದ ಜಲವಿದ್ಯುತ್ತೂ ಕೈಗಾದ ತಲಾ 220 ಮೆಗಾವಾಟಿನ ನಾಲ್ಕು ಅಣು ಘಟಕಗಳೂ ನಮ್ಮ ಜಿಲ್ಲೆಯಲ್ಲೇ ಇವೆ. ಆದರೂ ಆಷಾಢದ ಗಾಳಿಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ಒಳಹಳ್ಳಿಗೆ ಕರೆಂಟು ಬರುವುದು ಮಾರನೆಯ ದಿನವೋ ಅದರ ಮಾರನೆಯ ದಿನವೋ. ಬ್ಯಾಟರಿ ಸೆಲ್ಲಿನಿಂದ ಕಿಡಿ ಹೊತ್ತಿಸಿಕೊಳ್ಳುವ ಗ್ಯಾಸ್ ಗೀಸರಿಗೆ ಈ ಚಿಂತೆಯಿಲ್ಲ. ಮೇಲಿನ ಟಾಕಿಯಲ್ಲಿ ನೀರಿದ್ದರೆ, ಇಲ್ಲವೇ ಗುಡ್ಡದಿಂದ ತಾನಾಗಿ ಇಳಿದು ಬರುವ ಅಬ್ಬಿ ನೀರಿಗೆ ಸಾಕಷ್ಟು ಒತ್ತಡವಿದ್ದರೆ ಅದು ಉರಿಯುತ್ತದೆ.

ಅಮೆರಿಕದಲ್ಲಿ ಮಗಳ ಮನೆಯಲ್ಲೂ ಹೀಟ್ ಪಂಪು, ಗ್ಯಾಸು ಎರಡೂ ಇವೆಯಂತೆ. ನಮ್ಮದೂ ಅದೇ ಪದ್ಧತಿಯೇ?

ಜೋಡಿ ಅದೇ, ಕಾರಣ ಬೇರೆ. ಅಲ್ಲಿ ಕಾಯಿಸುವುದು ಇಡೀ ಮನೆಯ ಗಾಳಿಯನ್ನು. ಹೊರಗೆ ಚಳಿ ಹೆಚ್ಚಿದಂತೆ ಹೀಟ್ ಪಂಪಿಗೆ ಗಾಳಿಯಿಂದ ಹೀರಲು ಸಿಗುವ ಶಾಖ ಕಡಿಮೆಯಾಗುತ್ತದೆ, ಮನೆಗೆ ಬೇಕಾಗುವ ಶಾಖ ಮಾತ್ರ ಏರುತ್ತದೆ. ಎರಡೂ ಸಮನಾಗುವ ಉಷ್ಣತೆ ಹಲವು ಮನೆಗಳಲ್ಲಿ ಸೊನ್ನೆ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ ಕೆಳಗೆ ಹೋದಾಗ ಥರ್ಮೋಸ್ಟಾಟ್ ಹೀಟ್ ಪಂಪನ್ನು ನಿಲ್ಲಿಸಿ ಗ್ಯಾಸ್ ಫರ್ನೇಸನ್ನು ಹೊತ್ತಿಸುತ್ತದೆ. ಸಾಮಾನ್ಯವಾಗಿ ಹೀಟ್ ಪಂಪಿನ ಕಾಯಿಲ್ ಫರ್ನೇಸಿನ ಬಿಸಿಗಾಳಿ ಹೊರಬರುವ ದಾರಿಯಲ್ಲೇ ಕೂತಿರುತ್ತದೆ. ಎರಡನ್ನೂ ಒಟ್ಟಿಗೆ ನಡೆಸಿದರೆ ಆ ಬಿಸಿಗೆ ಕಾಯಿಲಿನೊಳಗಿನ ಒತ್ತಡ ಮಿತಿ ಮೀರುತ್ತದೆ. ಆದ್ದರಿಂದ ಅಲ್ಲಿ ಒಂದು ನಿಂತ ಮೇಲೆಯೇ ಇನ್ನೊಂದು.

ಶಿರಸಿಯ ಕಡುಚಳಿಯ ಬೆಳಗು ಎಂದರೆ 13–15 ಡಿಗ್ರಿ. ಕಾರವಾರದಲ್ಲಿ ಅಷ್ಟೂ ಇಳಿಯುವುದಿಲ್ಲ. ಚಳಿಯ ಕಾರಣಕ್ಕೆ ಹೀಟ್ ಪಂಪ್ ಸೋಲುವ ಪ್ರಸಂಗ ನಮ್ಮಲ್ಲಿಲ್ಲ. ಅಲ್ಲಿ ಗ್ಯಾಸಿನ ಕೆಲಸ ಹಿಮವನ್ನು ಎದುರಿಸುವುದು. ಇಲ್ಲಿ ಅದರ ಕೆಲಸ ಕರೆಂಟು ಹೋದ ರಾತ್ರಿಯನ್ನೂ ನೆಂಟರು ತುಂಬಿದ ಬೆಳಗನ್ನೂ ನಿಭಾಯಿಸುವುದು. ಎಷ್ಟು ದೊಡ್ಡದನ್ನು ಕೊಳ್ಳಬೇಕು, ಎಲ್ಲಿ ಇಡಬೇಕು, ಹೇಗೆ ಜೋಡಿಸಬೇಕು ಎಂಬುದೆಲ್ಲ ಈ ಒಂದು ವ್ಯತ್ಯಾಸದಿಂದಲೇ ನಿರ್ಧಾರವಾಗುತ್ತದೆ.

ಹಾಗಾದರೆ ಚಳಿಗಾಲದಲ್ಲಿ ನಮ್ಮ ಮನೆಯ ಒಳಗನ್ನೂ ಬೆಚ್ಚಗಿಡಬಹುದೇ?

ಹಂಚಿನ ಮಾಡಿನ, ಗಾಳಿಯಾಡುವ ಮನೆಯನ್ನು ಪೂರ್ತಿ ಬೆಚ್ಚಗಿಡಲು ಹೊರಡುವುದು ದುಡ್ಡನ್ನು ಗಾಳಿಗೆ ಬಿಟ್ಟಂತೆ. ಹಿರಿಯರು ಮಲಗುವ ಒಂದೇ ಕೋಣೆಗೆ ಬೇಕಿದ್ದರೆ ತಂಪು–ಬಿಸಿ ಎರಡೂ ಕೊಡುವ ಏಸಿ ಸಾಕು, ಅದೂ ಹೀಟ್ ಪಂಪೇ. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಹೀಟರನ್ನಾಗಲಿ ಕೆಂಡದ ಅಗ್ಗಿಷ್ಟಿಕೆಯನ್ನಾಗಲಿ ಇಟ್ಟು ಮಲಗಬೇಡಿ.

## ಖರ್ಚಿನ ಲೆಕ್ಕ

100 ಲೀಟರ್ ಬಿಸಿನೀರಿಗೆ ಯಾವುದರಲ್ಲಿ ಎಷ್ಟು ಬೀಳುತ್ತದೆ?

100 ಲೀಟರನ್ನು 25 ಡಿಗ್ರಿಯಿಂದ 55 ಡಿಗ್ರಿಗೆ ಏರಿಸಲು 3,000 ಕಿಲೋ ಕ್ಯಾಲರಿ ಬೇಕು. ಕಾಯಿಲ್ ಗೀಸರಿನಲ್ಲಿ ಅದಕ್ಕೆ ಮೂರೂವರೆ ಯೂನಿಟ್, ಅಂದರೆ ಇಪ್ಪತ್ತನಾಲ್ಕೂವರೆ ರೂಪಾಯಿ. ಎಲ್‌ಪಿಜಿಯ ಒಂದು ಕಿಲೋದಲ್ಲಿ ಸುಮಾರು 11,000 ಕಿಲೋ ಕ್ಯಾಲರಿ ಇರುತ್ತದೆ, ಗೀಸರಿನಲ್ಲಿ ಅದರ ನೂರಕ್ಕೆ 80 ಪಾಲು ನೀರಿಗೆ ಸೇರುತ್ತದೆ ಎಂದು ಹಿಡಿದರೆ 340 ಗ್ರಾಂ ಗ್ಯಾಸ್ ಬೇಕು, ಸುಮಾರು 22 ರೂಪಾಯಿ. ಹೀಟ್ ಪಂಪಿನಲ್ಲಿ ಸಿಒಪಿ 3 ಇದ್ದರೆ 1.2 ಯೂನಿಟ್, ಎಂಟು ರೂಪಾಯಿ ಚಿಲ್ಲರೆ.

ದಿನಕ್ಕೆ 200 ಲೀಟರ್ ಬಳಸುವ ಮನೆಯವರು ಬರಿಯ ಗ್ಯಾಸಿನಿಂದ ಹೀಟ್ ಪಂಪಿಗೆ ಬಂದರೆ ವರ್ಷಕ್ಕೆ ಹತ್ತು ಸಾವಿರ ರೂಪಾಯಿಯ ಹತ್ತಿರ ಉಳಿಯುತ್ತದೆ. ಅಂಗಡಿಯವರು ಹೇಳಿದ ಬೆಲೆಯನ್ನು ಈ ಅಂಕಿಯಿಂದ ಭಾಗಿಸಿ ನೋಡಿ, ಹಣ ಎಷ್ಟು ವರ್ಷದಲ್ಲಿ ತಿರುಗಿ ಬರುತ್ತದೆಂದು ಗೊತ್ತಾಗುತ್ತದೆ. ದಿನಕ್ಕೆ ಐವತ್ತೇ ಲೀಟರ್ ಬಳಸುವ ಇಬ್ಬರ ಮನೆಯಲ್ಲಿ ಅದು ಬಹಳ ವರ್ಷ ಹಿಡಿಯುತ್ತದೆ. ಅಂಥವರು ಕೊಳ್ಳುವ ಮುನ್ನ ಎರಡು ಸಲ ಯೋಚಿಸಬೇಕು.

ಇನ್ನೊಂದು ಮಾತು. ಈ ದರಗಳಲ್ಲಿ ಗ್ಯಾಸಿನ ಶಾಖಕ್ಕೂ ಹೀಟ್ ಪಂಪಿನ ಶಾಖಕ್ಕೂ ಬೆಲೆ ಸಮನಾಗುವುದು ಸಿಒಪಿ 1.1ರ ಹತ್ತಿರಕ್ಕೆ ಇಳಿದಾಗ. ನಮ್ಮ ಹವೆಯಲ್ಲಿ ಅದು ಅಷ್ಟು ಇಳಿಯುವುದೇ ಇಲ್ಲ. ಕರೆಂಟು ಇದ್ದು ಸಮಯವೂ ಇದ್ದರೆ ಹೀಟ್ ಪಂಪೇ ಅಗ್ಗ, ವರ್ಷದ ಯಾವ ದಿನವಾದರೂ ಸರಿ.

ನಮಗೆ ಗೃಹಜ್ಯೋತಿ ಇದೆ, ಬಿಲ್ಲೇ ಬರುವುದಿಲ್ಲ. ಹೀಟ್ ಪಂಪ್ ಹಾಕಿದರೆ ಅದು ತಪ್ಪಿಹೋಗುತ್ತದೆಯೇ?

ಈಗಿನ ನಿಮ್ಮ ಬಳಕೆಯನ್ನು ನೋಡಿ ಹೇಳಬೇಕು. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ನಿಮ್ಮ ಹಿಂದಿನ ಸರಾಸರಿ ಬಳಕೆಗೆ ನೂರಕ್ಕೆ ಹತ್ತನ್ನು ಸೇರಿಸಿ ಉಚಿತದ ಮಿತಿಯನ್ನು ಕಟ್ಟಿದ್ದಾರೆ. ಆ ಮಿತಿಯನ್ನು ದಾಟಿದರೆ ಹೆಚ್ಚಿನ ಯೂನಿಟ್ಟುಗಳಿಗೆ ಹಣ ಕಟ್ಟಬೇಕು. 200 ಯೂನಿಟ್ ದಾಟಿದ ತಿಂಗಳಲ್ಲಿ ಪೂರ್ತಿ ಬಿಲ್ ನಿಮ್ಮದೇ.

ದಿನಕ್ಕೆ 200 ಲೀಟರ್ ಕಾಯಿಸುವ ಹೀಟ್ ಪಂಪ್ ತಿಂಗಳಿಗೆ 70 ಯೂನಿಟ್ ತಿನ್ನುತ್ತದೆ. 110 ಯೂನಿಟ್ ಬಳಸುವ ಮನೆ 180ರಲ್ಲಿ ನಿಂತೀತು. 150 ಬಳಸುವ ಮನೆ 220ಕ್ಕೆ ಏರಿ ಎಲ್ಲವನ್ನೂ ಕಟ್ಟಬೇಕಾದೀತು. ಅಂಥ ಮನೆಯಲ್ಲಿ ಗ್ಯಾಸಿಗೆ ಇನ್ನೊಂದು ಕೆಲಸ ಸಿಗುತ್ತದೆ. ಮೀಟರನ್ನು ತಿಂಗಳ ನಡುವೆ ಒಮ್ಮೆ ನೋಡಿ, 200 ಹತ್ತಿರವಾಗುತ್ತಿದ್ದರೆ ಕೊನೆಯ ಹತ್ತು ದಿನ ಗ್ಯಾಸಿನಲ್ಲಿ ಸ್ನಾನ ಮಾಡಿ. ಈಗಾಗಲೇ ಕಾಯಿಲ್ ಗೀಸರ್ ಬಳಸುತ್ತಿದ್ದು ಅದನ್ನು ತೆಗೆದು ಹೀಟ್ ಪಂಪ್ ಹಾಕುವವರಿಗೆ ಈ ಚಿಂತೆಯಿಲ್ಲ, ಅವರ ಬಳಕೆ ಇಳಿಯುತ್ತದೆ.

ತೋಟದ ಕಟ್ಟಿಗೆ, ಅಡಿಕೆ ಸಿಪ್ಪೆ, ಒಣಗಿದ ಸೋಗೆ ಬೇಕಾದಷ್ಟಿದೆ. ಹಂಡೆ ಬಿಟ್ಟು ಇದಕ್ಕೆ ಏಕೆ ಬರಬೇಕು?

ಹಣದ ದೃಷ್ಟಿಯೊಂದರಿಂದ ನೋಡಿದರೆ ಬರಬೇಕಾಗಿಲ್ಲ. ಹಾಗೆಂದು ಕಟ್ಟಿಗೆಗೆ ಬೆಲೆಯೇ ಇಲ್ಲ ಎನ್ನುವಂತಿಲ್ಲ. ಕಡಿದು, ಒಡೆದು, ಮಳೆಗಾಲಕ್ಕೆ ಮೊದಲು ಕೊಟ್ಟಿಗೆಯ ಅಟ್ಟಕ್ಕೆ ಏರಿಸುವ ಕೂಲಿಯನ್ನು ಒಮ್ಮೆ ಲೆಕ್ಕ ಹಾಕಿ. ಹಸಿ ಕಟ್ಟಿಗೆಯ ಹೊಗೆಯಲ್ಲಿ ಊದುಗೊಳವೆ ಹಿಡಿದು ಕೂರುವವರು ಯಾರು, ಅವರ ವಯಸ್ಸೆಷ್ಟು ಎಂಬುದನ್ನೂ ನೋಡಿ. ಹೆಚ್ಚಿನ ಮನೆಗಳಲ್ಲಿ ಅದು ಅರವತ್ತು ದಾಟಿದ ಹೆಂಗಸು. ಬಚ್ಚಲ ಒಲೆಯ ನಿಜವಾದ ಖರ್ಚು ಅವರ ಕಣ್ಣಿನಲ್ಲಿ, ಶ್ವಾಸಕೋಶದಲ್ಲಿ ಬೀಳುತ್ತದೆ ಎಂಬುದೇ ನನ್ನ ಗಟ್ಟಿ ಅಭಿಪ್ರಾಯ.

ಒಲೆಯನ್ನು ಒಡೆದು ಹಾಕುವುದೂ ಬೇಡ. ಅಡಿಕೆ ಕೊಯ್ಲಿನ ದಿನಗಳಲ್ಲಿ ಸಂಜೆ ಆಳುಗಳಿಗೆಲ್ಲ ಬಿಸಿನೀರು ಬೇಕಾದಾಗ ಹಂಡೆ ಇದ್ದರೆ ಅನುಕೂಲ. ದಿನನಿತ್ಯದ ಭಾರವನ್ನು ಮಾತ್ರ ಅದರಿಂದ ಇಳಿಸಿ.

ಸೋಲಾರ್ ಚೆನ್ನಾಗಿ ನಡೆಯುತ್ತಿದೆ. ಮಳೆಗಾಲಕ್ಕೆ ಮಾತ್ರ ಹೀಟ್ ಪಂಪ್ ಹಾಕಿಸಲೇ?

ಬೇಡ. ನಾಲ್ಕು ತಿಂಗಳಿಗಾಗಿ ಅಷ್ಟು ಹಣ ಹೂಡುವುದು ಸರಿಯಲ್ಲ. ಸೋಲಾರ್ ಜೊತೆ ಒಂದು ಗ್ಯಾಸ್ ಗೀಸರ್ ಸಾಕು. ಸೋಲಾರ್ ಹಳೆಯದಾಗಿ ಟ್ಯಾಂಕ್ ಸೋರತೊಡಗಿದ ಮೇಲೆ ಅದರ ಜಾಗಕ್ಕೆ ಹೀಟ್ ಪಂಪ್ ತರುವ ವಿಚಾರ ಮಾಡಿ.

## ನಮ್ಮ ಹವೆ, ನಮ್ಮ ನೀರು, ನಮ್ಮ ಕರೆಂಟು

ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಸಿಲೇ ಇರುವುದಿಲ್ಲ. ಆಗ ಹೀಟ್ ಪಂಪ್ ಏನು ಮಾಡುತ್ತದೆ?

ಅದಕ್ಕೆ ಬಿಸಿಲು ಬೇಡ, ಗಾಳಿ ಸಾಕು. ನಮ್ಮ ಮಳೆಗಾಲದ ಗಾಳಿ ಅದಕ್ಕೆ ಬಹಳ ಹಿಡಿಸುತ್ತದೆ. ಹೊರಗೆ 23–25 ಡಿಗ್ರಿ, ಗಾಳಿಯ ತುಂಬ ತೇವ. ಈ ಗಾಳಿ ಯಂತ್ರದ ತಣ್ಣನೆಯ ಫಿನ್ನುಗಳಿಗೆ, ಅಂದರೆ ಶಾಖ ಹೀರುವ ತೆಳು ಲೋಹದ ಹಾಳೆಗಳಿಗೆ, ತಾಗಿದಾಗ ತೇವ ಹನಿಗಟ್ಟಿ ನೀರಾಗುತ್ತದೆ. ಹಾಗೆ ಒಂದು ಲೀಟರ್ ನೀರು ಹನಿಗಟ್ಟುವಾಗ 580 ಕಿಲೋ ಕ್ಯಾಲರಿಯಷ್ಟು ಶಾಖವನ್ನು ಬಿಟ್ಟುಕೊಡುತ್ತದೆ, ಯಂತ್ರ ಅದನ್ನೂ ಹೀರಿಕೊಳ್ಳುತ್ತದೆ. ಸೋಲಾರ್ ಮಲಗುವ ಕಾಲದಲ್ಲೇ ಇದು ಹುರುಪಿನಿಂದ ದುಡಿಯುತ್ತದೆ. ಘಟ್ಟದ ಮೇಲೆಯೂ ಕರಾವಳಿಯಲ್ಲೂ ಇದನ್ನು ನಾನು ಸಮರ್ಥಿಸುವುದಕ್ಕೆ ಮುಖ್ಯ ಕಾರಣ ಇದೇ.

ಯಂತ್ರದ ಬುಡದಲ್ಲಿ ನೀರು ತೊಟ್ಟಿಕ್ಕುವುದನ್ನು ಕಂಡು ಸೋರುತ್ತಿದೆಯೆಂದು ಗಾಬರಿಯಾಗಬೇಡಿ. ಆ ನೀರು ಹರಿದುಹೋಗಲು ಒಂದು ಪೈಪ್ ಇಟ್ಟರಾಯಿತು. ಹಿಮದ ನಾಡುಗಳಲ್ಲಿ ಫಿನ್ನುಗಳ ಮೇಲೆ ಮಂಜು ಕಟ್ಟಿ ಅದನ್ನು ಕರಗಿಸಲು ಯಂತ್ರ ಆಗಾಗ ನಿಲ್ಲಬೇಕಾಗುತ್ತದೆ. ಆ ತೊಂದರೆ ನಮಗಿಲ್ಲ.

ಕಾರವಾರದಲ್ಲಿ ನಮ್ಮ ಅಂಗಳದಿಂದ ಸಮುದ್ರ ಕಾಣುತ್ತದೆ. ಏಸಿಯ ಹೊರಪೆಟ್ಟಿಗೆ ತುಕ್ಕು ಹಿಡಿದು ಹೋಯಿತು. ಇದೂ ಹಾಗೇ ಆಗುವುದಿಲ್ಲವೇ?

ಜಾಗ್ರತೆ ಮಾಡದಿದ್ದರೆ ಆಗುತ್ತದೆ. ಉಪ್ಪುಗಾಳಿ ಮೊದಲು ತಿನ್ನುವುದು ತಾಮ್ರದ ಕೊಳವೆ ಮತ್ತು ಅಲ್ಯೂಮಿನಿಯಂ ಫಿನ್ ಕೂಡುವ ಜಾಗವನ್ನು. ಕೊಳ್ಳುವಾಗಲೇ ಫಿನ್ನುಗಳಿಗೆ ತುಕ್ಕು ತಡೆಯುವ ಲೇಪ ಇದೆಯೇ ಎಂದು ಕೇಳಿ, ಹೊರಕವಚದ ತಿರುಪುಗಳು ಸ್ಟೇನ್‌ಲೆಸ್ ಸ್ಟೀಲಿನವೇ ಎಂದು ನೋಡಿ. ಪಡುವಣ ಗಾಳಿ ನೇರವಾಗಿ ಬಡಿಯುವ ಗೋಡೆಗೆ ನಿಲ್ಲಿಸದೆ ಮನೆಯ ಮೂಡಣ ಮಗ್ಗುಲಿಗೆ ಇಡಿ. ತಿಂಗಳಿಗೊಮ್ಮೆ ಕರೆಂಟು ತೆಗೆದು ಸಿಹಿನೀರನ್ನು ಮೆಲ್ಲಗೆ ಹಾಯಿಸಿ ತೊಳೆಯಿರಿ. ರಭಸದ ಪೈಪಿನಿಂದ ತೊಳೆದರೆ ಫಿನ್ನುಗಳು ಮಡಚಿಹೋಗುತ್ತವೆ.

ನಮ್ಮದು ಬಾವಿ ನೀರು. ಟ್ಯಾಂಕ್ ಯಾವುದು ಒಳ್ಳೆಯದು?

ಚಿರೆಕಲ್ಲಿನ ನೆಲದ ಬಾವಿ ನೀರು ಹೆಚ್ಚಾಗಿ ಮೆದು ನೀರು, ಆಮ್ಲದ ಗುಣವೂ ಇರುತ್ತದೆ. ಗೀಸರಿನಲ್ಲಿ ಸುಣ್ಣ ಕಟ್ಟುವುದು ಕಡಿಮೆ, ಆದರೆ ಅದು ಕಬ್ಬಿಣವನ್ನೂ ತಾಮ್ರವನ್ನೂ ನಿಧಾನಕ್ಕೆ ಕೊರೆಯುತ್ತದೆ. ಬಚ್ಚಲಿನಲ್ಲಿ ನೀಲಿ–ಹಸಿರು ಕಲೆ ಕಂಡರೆ ತಾಮ್ರ ಕರಗುತ್ತಿದೆ ಎಂದು ತಿಳಿಯಿರಿ. ಇಂಥ ನೀರಿಗೆ ಒಳಗೆ ಗಾಜಿನ ಲೇಪವಿರುವ ಟ್ಯಾಂಕ್ ಒಳ್ಳೆಯದು. ಅದರಲ್ಲಿ ಮೆಗ್ನೀಸಿಯಂ ಸರಳೊಂದು ಇರುತ್ತದೆ. ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ವರ್ಷಕ್ಕೊಮ್ಮೆ ಬಿಚ್ಚಿ ನೋಡಿ, ಸವೆದಿದ್ದರೆ ಬದಲಿಸಿ. ಸಣ್ಣ ಖರ್ಚಿನ ಈ ಕೆಲಸವನ್ನು ಮರೆತ ಟ್ಯಾಂಕುಗಳೇ ಬೇಗ ತೂತು ಬೀಳುತ್ತವೆ.

ಅಘನಾಶಿನಿ, ಗಂಗಾವಳಿ, ಶರಾವತಿಯ ಅಳಿವೆಯ ಬಳಿ ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುವ ಮನೆಗಳಲ್ಲಿ ಸಾದಾ ಸ್ಟೇನ್‌ಲೆಸ್ ಟ್ಯಾಂಕನ್ನು ನಂಬಬೇಡಿ. ಬಿಸಿ ಮತ್ತು ಉಪ್ಪು ಸೇರಿದರೆ ಬೆಸುಗೆಯ ಜಾಗದಲ್ಲಿ ಬಿರುಕು ಬಿಡುತ್ತದೆ.

ಸಂಜೆ ವೋಲ್ಟೇಜ್ 170ಕ್ಕೆ ಇಳಿಯುತ್ತದೆ. ಇನ್ವರ್ಟರಿನಲ್ಲಿ ನಡೆಸಬಹುದೇ?

ಲೈನಿನ ತುದಿಯಲ್ಲಿರುವ ಮನೆಗಳಿಗೆ ಈ ಪೀಡೆ ಇದ್ದೇ ಇದೆ. ಕಡಿಮೆ ವೋಲ್ಟೇಜಿನಲ್ಲಿ ಕಂಪ್ರೆಸರ್ ತಿರುಗಲಾರದೆ ಹೆಚ್ಚು ಕರೆಂಟು ಎಳೆದು ಸುಡುತ್ತದೆ. ಸ್ಟೆಬಿಲೈಸರ್ ಹಾಕಿಸಿ, ಕರೆಂಟು ಬಂದು ಮೂರು ನಿಮಿಷದ ನಂತರವೇ ಚಾಲೂ ಆಗುವ ವ್ಯವಸ್ಥೆ ಅದರಲ್ಲಿರಲಿ. ದೀಪ, ಫ್ಯಾನಿಗೆಂದು ತಂದ ಸಾಮಾನ್ಯ ಇನ್ವರ್ಟರಿಗೆ ಇದನ್ನು ಜೋಡಿಸಬೇಡಿ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. 12 ವೋಲ್ಟಿನ, 150 ಆಂಪಿಯರ್–ಗಂಟೆಯ ಬ್ಯಾಟರಿಯಲ್ಲಿ ಲೆಕ್ಕಕ್ಕೇ ಇರುವುದು 1.8 ಯೂನಿಟ್, ಅದನ್ನು ದೀಪಕ್ಕೆ ಉಳಿಸಿಕೊಳ್ಳಿ. ಕತ್ತಲೆಯಲ್ಲಿ ಸ್ನಾನಕ್ಕೆ ಗ್ಯಾಸ್ ಇದೆಯಲ್ಲ.

ಗುಡುಗು ಸಿಡಿಲಿಗೆ?

ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಶುರುವಾದೊಡನೆ ಮೇನ್ ಸ್ವಿಚ್ ತೆಗೆಯಿರಿ. ಸರ್ಜ್, ಅಂದರೆ ವೋಲ್ಟೇಜಿನ ಹಠಾತ್ ಏರಿಕೆ, ತಡೆಯುವ ಸಾಧನ ಬೋರ್ಡಿನಲ್ಲಿರಲಿ. ಅರ್ಥಿಂಗ್ ಸರಿಯಿಲ್ಲದಿದ್ದರೆ ಅದಕ್ಕೂ ಬಲವಿಲ್ಲ. ಬೇಸಿಗೆಯಲ್ಲಿ ಒಣಗಿದ ಚಿರೆಕಲ್ಲು ನೆಲ ವಿದ್ಯುತ್ತನ್ನು ಸುಲಭವಾಗಿ ಹರಿಯಬಿಡುವುದಿಲ್ಲವಾದ್ದರಿಂದ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಿ.

## ಎಲ್ಲಿ ಇಡಬೇಕು, ಹೇಗೆ ಜೋಡಿಸಬೇಕು

ಗ್ಯಾಸ್ ಗೀಸರನ್ನು ಬಚ್ಚಲಿನ ಒಳಗೇ ಹಾಕಿದರೆ ಪೈಪಿನ ಖರ್ಚು ಉಳಿಯುತ್ತದೆ. ತೊಂದರೆ ಇದೆಯೇ?

ಪ್ರಾಣಕ್ಕೆ ಅಪಾಯವಿದೆ. ಐದು ಅಡಿ ಅಗಲ, ಏಳು ಅಡಿ ಉದ್ದ, ಎಂಟು ಅಡಿ ಎತ್ತರದ ಬಚ್ಚಲಿನಲ್ಲಿರುವ ಗಾಳಿ ಎಂಟು ಘನ ಮೀಟರ್. ಗೀಸರ್ ಗಂಟೆಗೆ ಸುಮಾರು ಒಂದು ಕಿಲೋ ಗ್ಯಾಸ್ ಸುಡುತ್ತದೆ, ಆ ಒಂದು ಕಿಲೋಗೆ ಹನ್ನೆರಡು–ಹದಿಮೂರು ಘನ ಮೀಟರ್ ಗಾಳಿ ಬೇಕು. ಬಾಗಿಲು, ಕಿಟಕಿ ಮುಚ್ಚಿ ಹತ್ತು ನಿಮಿಷ ಸ್ನಾನ ಮಾಡಿದರೆ ಒಳಗಿನ ಆಮ್ಲಜನಕದ ಕಾಲು ಪಾಲು ಮುಗಿಯುತ್ತದೆ. ಆಮ್ಲಜನಕ ಸಾಲದೆ ಉರಿಯುವ ಗ್ಯಾಸ್ ಕಾರ್ಬನ್ ಮೊನಾಕ್ಸೈಡನ್ನು ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಭಾರ, ಸುತ್ತು, ಓಕರಿಕೆ ಎನ್ನುವಷ್ಟರಲ್ಲಿ ಕಾಲಿನ ಬಲ ಹೋಗಿ ಚಿಲಕ ತೆಗೆಯಲೂ ಆಗುವುದಿಲ್ಲ. ನಮ್ಮ ದೇಶದಲ್ಲಿ ಹೀಗೆ ಬಚ್ಚಲಿನಲ್ಲೇ ಪ್ರಾಣ ಬಿಟ್ಟವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಗೀಸರ್ ಹೊರಗೋಡೆಯಲ್ಲಿರಲಿ, ಮಳೆ ಬಡಿಯದಂತೆ ಮೇಲೊಂದು ಮರೆಯಿರಲಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಬಚ್ಚಲಿನ ಕಿಟಕಿಯ ಕೆಳಗೇ ಅದನ್ನು ಹಾಕಿ ಹೊಗೆ ಒಳಗೆ ನುಗ್ಗುವಂತೆ ಮಾಡಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ. ಸಿಲಿಂಡರನ್ನು ಗುಂಡಿಯಲ್ಲೋ ನೆಲಮಾಳಿಗೆಯಲ್ಲೋ ಇಡಬೇಡಿ. ಪೈಪಿನ ಖರ್ಚು ಎಷ್ಟೇ ಬರಲಿ, ಈ ಒಂದು ವಿಷಯದಲ್ಲಿ ಉಳಿತಾಯದ ಮಾತು ಆಡಬೇಡಿ.

ಹೀಟ್ ಪಂಪನ್ನು ಕೊಟ್ಟಿಗೆಯ ಮೂಲೆಯಲ್ಲಿ ಇಡಬಹುದೇ? ಜಾಗ ಅಲ್ಲೇ ಇದೆ.

ಬೇಡ. ಗಂಜಳದಿಂದ ಏಳುವ ಅಮೋನಿಯಾ ತಾಮ್ರವನ್ನು ತಿನ್ನುತ್ತದೆ. ಬಚ್ಚಲ ಒಲೆಯ ಹೊಗೆ ಬರುವ ಜಾಗವೂ ಬೇಡ, ಮಸಿ ಫಿನ್ನುಗಳ ಸಂದು ಮುಚ್ಚುತ್ತದೆ. ನಾಲ್ಕೂ ಕಡೆ ಗಾಳಿಯಾಡುವ, ಮೇಲೆ ಮಾಡು ಇರುವ ಜಗಲಿಯ ಹೊರ ಅಂಚು ಒಳ್ಳೆಯದು. ಯಂತ್ರ ಉಗುಳುವ ತಣ್ಣನೆಯ ಗಾಳಿ ಅಡಿಕೆ, ಕಾಳುಮೆಣಸು ಹರವುವ ಕಡೆಗೆ ಹೋಗದಂತೆ ತಿರುಗಿಸಿ. ಇರುವೆ, ಹಲ್ಲಿ ಸರ್ಕ್ಯೂಟ್ ಬೋರ್ಡಿಗೆ ನುಗ್ಗುವುದು ನಮ್ಮ ಕಡೆ ಸಾಮಾನ್ಯ. ವಯರ್ ಒಳಹೋಗುವ ತೂತುಗಳನ್ನು ಮುಚ್ಚಿಸಿ.

ಹೀಟ್ ಪಂಪಿನಿಂದ ಬಂದ ನೀರನ್ನೇ ಗ್ಯಾಸ್ ಗೀಸರಿಗೆ ಹಾಯಿಸಿದರೆ ಗ್ಯಾಸ್ ಉಳಿಯುವುದಿಲ್ಲವೇ?

ಯೋಚನೆ ಸರಿ, ಆದರೆ ಎಲ್ಲ ಗೀಸರುಗಳೂ ಅದಕ್ಕೆ ಒಗ್ಗುವುದಿಲ್ಲ. ಅಗ್ಗದ ಗೀಸರಿನ ಉರಿ ಒಳಬರುವ ನೀರಿನ ಬಿಸಿಯನ್ನು ನೋಡಿ ತಗ್ಗುವುದಿಲ್ಲ. 45 ಡಿಗ್ರಿಯ ನೀರು ಒಳಗೆ ಹೋದರೆ ಹೊರಗೆ 70 ಡಿಗ್ರಿಯ ನೀರು ಬಂದೀತು. ಮಗುವಿನ ಮೈಮೇಲೆ ಅದು ಬಿದ್ದರೆ ಗತಿಯೇನು? ಒಳಬರುವ ನೀರಿಗೆ ತಕ್ಕಂತೆ ಉರಿ ತಾನೇ ಹೊಂದಿಕೊಳ್ಳುವ, ಸೋಲಾರ್ ನೀರಿಗೂ ಆಗುತ್ತದೆ ಎಂದು ತಯಾರಕರೇ ಬರೆದಿರುವ ಗೀಸರ್ ಇದ್ದರೆ ಮಾತ್ರ ಹೀಗೆ ಸಾಲಾಗಿ ಜೋಡಿಸಿ. ಆಗಲೂ ಮೊದಲು ಹೀಟ್ ಪಂಪ್, ಆಮೇಲೆ ಗ್ಯಾಸ್. ತಣ್ಣೀರನ್ನು ಏರಿಸುವಾಗ ಹೀಟ್ ಪಂಪಿನ ದಕ್ಷತೆ ಹೆಚ್ಚು, ನೀರು ಬಿಸಿಯಾದಂತೆ ಅದು ಇಳಿಯುತ್ತದೆ.

ಸಾಮಾನ್ಯ ಗೀಸರ್ ಇದ್ದರೆ ಎರಡನ್ನೂ ಅಕ್ಕಪಕ್ಕ ಜೋಡಿಸಿ. ಒಂದೇ ಟಾಕಿಯಿಂದ ಎರಡಕ್ಕೂ ತಣ್ಣೀರು, ಬಿಸಿನೀರು ಹೊರಬರುವ ಕಡೆ ಮೂರು ದಾರಿಯ ಒಂದು ವಾಲ್ವ್, ಎರಡೂ ಕವಲುಗಳಲ್ಲಿ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್. ಆ ತಡೆ ಇಲ್ಲದಿದ್ದರೆ ಕಾದ ನೀರು ತಣ್ಣೀರಿನ ಪೈಪಿಗೆ ಮರಳಿ ಸೇರಿಬಿಡುತ್ತದೆ.

ಊರಿನಲ್ಲಿ ಅಪ್ಪಯ್ಯ, ಆಯಿ ಇಬ್ಬರೇ ಇದ್ದಾರೆ. ಎರಡೆರಡು ಯಂತ್ರ ಅವರು ನಿಭಾಯಿಸಬಲ್ಲರೇ?

ಅವರು ಮುಟ್ಟಬೇಕಾದದ್ದು ಒಂದೇ ಹಿಡಿಕೆ ಆಗಿರುವಂತೆ ನೋಡಿಕೊಳ್ಳಿ. ಮೂರು ದಾರಿಯ ವಾಲ್ವ್ ಬಚ್ಚಲ ಬಾಗಿಲ ಬಳಿ, ಎದೆಯೆತ್ತರದಲ್ಲಿರಲಿ. ಒಂದು ಕಡೆ ‘ಕರೆಂಟು’, ಇನ್ನೊಂದು ಕಡೆ ‘ಗ್ಯಾಸ್’ ಎಂದು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಬರೆಯಿಸಿ. ಗೀಸರಿನ ಸೆಲ್ಲುಗಳನ್ನು ಮಳೆಗಾಲಕ್ಕೆ ಮೊದಲು ಬದಲಿಸಿ, ಇನ್ನೊಂದು ಜೋಡಿ ಮನೆಯಲ್ಲಿರಲಿ. ವಯಸ್ಸಾದವರ ಚರ್ಮಕ್ಕೆ ಬಿಸಿ ಬೇಗ ತಿಳಿಯುವುದಿಲ್ಲ. ಬಿಸಿ, ತಣ್ಣೀರನ್ನು ತಾನೇ ಹದವಾಗಿ ಬೆರೆಸಿ 42 ಡಿಗ್ರಿಯ ಒಳಗೇ ಕೊಡುವ ವಾಲ್ವನ್ನು ಅವರ ನಲ್ಲಿಗೆ ತಪ್ಪದೆ ಹಾಕಿಸಿ.

ಟ್ಯಾಂಕನ್ನು ಎಷ್ಟು ಡಿಗ್ರಿಗೆ ಇಡಬೇಕು?

ದಿನಕ್ಕೆ 55 ಸಾಕು, ವಾರಕ್ಕೊಮ್ಮೆ 60ಕ್ಕೆ ಏರಿಸಿ. ಲೆಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಬೆಳೆದು, ಶವರಿನ ಸಣ್ಣ ಹನಿಗಳ ಜೊತೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ತರಬಲ್ಲದು. ಕರೆಂಟು ಉಳಿಸಲೆಂದು ಸದಾ 40ಕ್ಕೆ ಇಡುವುದು ಆದ್ದರಿಂದ ಸರಿಯಲ್ಲ. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ, ಆ ದಿನ ಬೆರೆಸಿಕೊಳ್ಳುವಾಗ ಎಚ್ಚರ. 200 ಲೀಟರ್ ನೀರು 25ರಿಂದ 60ಕ್ಕೆ ಏರುವಾಗ ಮೂರು ಲೀಟರಿನಷ್ಟು ಹಿಗ್ಗುತ್ತದೆ. ಆ ಒತ್ತಡ ಹೊರಹೋಗುವ ಸುರಕ್ಷಾ ವಾಲ್ವನ್ನು ಸೋರುತ್ತದೆಂದು ಬಿಗಿದು ಮುಚ್ಚಬೇಡಿ.

## ಇನ್ನಷ್ಟು ಆಳಕ್ಕೆ ಇಳಿದವರಿಗೆ

ಬೆಳಗಿನ ಸ್ನಾನಕ್ಕೆ ನಸುಕಿನಲ್ಲಿ ಚಾಲೂ ಮಾಡಬೇಕೋ, ಹಿಂದಿನ ದಿನವೇ ಕಾಯಿಸಿಡಬೇಕೋ?

ಹಿಂದಿನ ದಿನ ಮಧ್ಯಾಹ್ನವೇ ಕಾಯಿಸಿ. ಜನವರಿಯಲ್ಲಿ ಶಿರಸಿಯ ನಸುಕು 14 ಡಿಗ್ರಿ ಇದ್ದರೆ ಮಧ್ಯಾಹ್ನ ಎರಡು ಗಂಟೆಗೆ 30 ಇರುತ್ತದೆ. ಅದೇ ಯಂತ್ರ, ಅದೇ ನೀರು, ಮಧ್ಯಾಹ್ನ ಎದ್ದು ಕಾಣುವಷ್ಟು ಕಡಿಮೆ ಯೂನಿಟ್. ಒಳ್ಳೆಯ ಹೊದಿಕೆಯ ಟ್ಯಾಂಕ್ ರಾತ್ರಿಯಲ್ಲಿ ಕೆಲವೇ ಡಿಗ್ರಿ ಕಳೆದುಕೊಳ್ಳುತ್ತದೆ. ಹನ್ನೆರಡರಿಂದ ಮೂರರವರೆಗೆ ಟೈಮರ್ ಹಾಕಿಬಿಡಿ. ಹಳ್ಳಿಯಲ್ಲಿ ಸಂಜೆಗಿಂತ ಆ ಹೊತ್ತಿಗೆ ವೋಲ್ಟೇಜೂ ಸ್ಥಿರವಾಗಿರುತ್ತದೆ. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೂರು ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ಪಡೆದು ಮಾಡಿನ ಮೇಲೆ ವಿದ್ಯುತ್ ಫಲಕ ಹಾಕಿಸಿದವರಿಗಂತೂ ಮಧ್ಯಾಹ್ನದ ಬಿಸಿಲೇ ಬಿಸಿನೀರಾಗಿ ಟ್ಯಾಂಕಿನಲ್ಲಿ ಉಳಿಯುತ್ತದೆ.

ಗೋಕರ್ಣದಲ್ಲಿ ಆರು ಕೋಣೆಗಳ ಹೋಮ್‌ಸ್ಟೇ ಇದೆ. 500 ಲೀಟರಿನದೇ ಬೇಕೇ?

ಬೇಡ. ಹನ್ನೆರಡು ಅತಿಥಿಗಳು ತಲಾ 60 ಲೀಟರ್ ಹದವಾದ ನೀರು ಬಳಸಿದರೆ 720 ಲೀಟರ್. 55 ಡಿಗ್ರಿಯ ನೀರಿಗೆ 24 ಡಿಗ್ರಿಯ ತಣ್ಣೀರು ಬೆರೆಸಿ 40ಕ್ಕೆ ತರುವಾಗ ಬಿಸಿನೀರು ಅರ್ಧಕ್ಕಿಂತ ತುಸು ಹೆಚ್ಚು ಸಾಕು. 300 ಲೀಟರಿನ ಟ್ಯಾಂಕಿನಲ್ಲಿ ತಣ್ಣೀರು ಬೆರೆತುಹೋಗುವ ಮೊದಲು ಸಿಗುವುದು 255 ಲೀಟರ್ ಎಂದು ಹಿಡಿದರೂ 490 ಲೀಟರ್ ಸ್ನಾನದ ನೀರಾಗುತ್ತದೆ. ಉಳಿದ 230 ಲೀಟರನ್ನು ಗ್ಯಾಸ್ ಗೀಸರ್ ನಲವತ್ತು ನಿಮಿಷದೊಳಗೆ ಕೊಡುತ್ತದೆ, ಸುಡುವ ಗ್ಯಾಸ್ 420 ಗ್ರಾಂ. 19 ಕಿಲೋದ ಒಂದು ಸಿಲಿಂಡರ್ ಕೋಣೆಗಳೆಲ್ಲ ತುಂಬಿದ ನಲವತ್ತೈದು ದಿನಗಳಿಗೆ ಸಾಕು. ವರ್ಷದಲ್ಲಿ ಕೆಲವೇ ವಾರ ತುಂಬುವ ಜಾಗಕ್ಕೆ ದೊಡ್ಡ ಯಂತ್ರ ತಂದು ಉಳಿದ ದಿನ ಬರಿದೆ ನೀರು ಕಾಯಿಸಿಡುವುದಕ್ಕಿಂತ ಇದು ಮೇಲು. ವ್ಯವಹಾರಕ್ಕೆ ಮನೆಬಳಕೆಯ ಸಿಲಿಂಡರ್ ಬಳಸುವುದು ಕಾನೂನಿಗೆ ವಿರುದ್ಧ, ವಾಣಿಜ್ಯ ಸಿಲಿಂಡರನ್ನೇ ತೆಗೆದುಕೊಳ್ಳಿ.

ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಮನೆ ತುಂಬುವ ಶಿರಸಿಯವರಿಗೂ ಇದೇ ಲೆಕ್ಕ. ಯಂತ್ರವನ್ನು ದಿನನಿತ್ಯದ ಮನೆಮಂದಿಗೆ ತಕ್ಕಂತೆ ಕೊಳ್ಳಿ, ಜಾತ್ರೆಯ ಜನರಿಗೆ ಗ್ಯಾಸ್ ಇರಲಿ.

ಕರೆಂಟು ಹೋದೊಡನೆ ತಾನಾಗಿ ಗ್ಯಾಸಿಗೆ ಬದಲಾಗುವಂತೆ ಮಾಡಬಹುದೇ?

ಮಾಡಬಹುದು, ಅದಕ್ಕೆ ಕಂಪ್ಯೂಟರೂ ಬೇಡ. ಸ್ಪ್ರಿಂಗ್ ಇರುವ ಮೋಟಾರ್ ವಾಲ್ವುಗಳು ಸಿಗುತ್ತವೆ. ಕರೆಂಟು ಇರುವವರೆಗೆ ಮೋಟಾರು ದಾರಿಯನ್ನು ಹೀಟ್ ಪಂಪಿನ ಕಡೆ ಹಿಡಿದಿರುತ್ತದೆ, ಕರೆಂಟು ಹೋದೊಡನೆ ಸ್ಪ್ರಿಂಗ್ ಅದನ್ನು ಗ್ಯಾಸಿನ ಕಡೆ ತಿರುಗಿಸುತ್ತದೆ. ಆದರೆ ಟ್ಯಾಂಕಿನಲ್ಲಿ ಆಗಲೇ ಕಾದ ನೀರು ಇದ್ದರೂ ಇದು ಗ್ಯಾಸ್ ಸುಡುತ್ತದೆ. ಮನೆಗೆ ಕೈಯಿಂದ ತಿರುಗಿಸುವ ವಾಲ್ವೇ ಒಳ್ಳೆಯದು, ಹೋಮ್‌ಸ್ಟೇಗೆ ಇದು ಸರಿ.

ಎಲ್‌ಪಿಜಿ ಬದಲು ನಮ್ಮ ಗೋಬರ್ ಗ್ಯಾಸನ್ನೇ ಗೀಸರಿಗೆ ಕೊಡಬಹುದೇ?

ಶಿರಸಿ, ಸಿದ್ದಾಪುರದ ಕಡೆಯಿಂದ ಈ ಪ್ರಶ್ನೆ ತಪ್ಪದೆ ಬರುತ್ತದೆ, ಅದು ಸಂತೋಷದ ವಿಷಯ. ನೇರವಾಗಿ ಕೊಡಲಾಗುವುದಿಲ್ಲ. ಎಲ್‌ಪಿಜಿ ಗೀಸರಿನ ಜೆಟ್ಟಿನ ತೂತು ಬಹಳ ಸಣ್ಣದು. ಗೋಬರ್ ಗ್ಯಾಸಿನ ಒತ್ತಡವೂ ಶಾಖವೂ ಕಡಿಮೆಯಾದ್ದರಿಂದ ಉರಿ ನಿಲ್ಲುವುದಿಲ್ಲ. ಅದರಲ್ಲಿರುವ ಹೈಡ್ರೋಜನ್ ಸಲ್ಫೈಡ್ ಗೀಸರಿನ ತಾಮ್ರವನ್ನೂ ಹಾಳುಮಾಡುತ್ತದೆ. ದಾರಿ ಇನ್ನೊಂದಿದೆ. ಗೋಬರ್ ಗ್ಯಾಸಿಗೆಂದೇ ಮಾಡಿದ ಬರ್ನರನ್ನು ಹಳೆಯ ಹಂಡೆಯ ಕೆಳಗೆ, ಹೊಗೆಗೂಡು ಇರುವ ಅದೇ ಒಲೆಯಲ್ಲಿ ಇಡಿ. ಒಂದು ಘನ ಮೀಟರಿನಲ್ಲಿ ಸುಮಾರು 5,000 ಕಿಲೋ ಕ್ಯಾಲರಿ ಇರುತ್ತದೆ. ನಷ್ಟ ಕಳೆದು ನೋಡಿದರೆ 100 ಲೀಟರ್ ಕಾಯಿಸಲು ಒಂದು ಘನ ಮೀಟರಿನ ಹತ್ತಿರ ಬೇಕು, ಅಂದರೆ 25 ಕಿಲೋ ಸಗಣಿಯ ಗ್ಯಾಸ್. ಅಡುಗೆಗೆ ಸಾಕಾಗಿ ಮಿಗುವಷ್ಟು ದನಗಳಿರುವ ಮನೆಯಲ್ಲಿ ಹೀಟ್ ಪಂಪಿಗೆ ಇದಕ್ಕಿಂತ ಒಳ್ಳೆಯ ಜೊತೆಯಿಲ್ಲ.

ಆರ್-134ಎ, ಆರ್-290 ಎಂದೆಲ್ಲ ಬರೆದಿರುತ್ತಾರೆ. ಯಾವುದನ್ನು ಕೊಳ್ಳಲಿ?

ಅವು ಒಳಗೆ ತಿರುಗುವ ಶೀತಕದ ಹೆಸರುಗಳು. ಆರ್-134ಎ ಹಳೆಯದು, ನೀರನ್ನು 60 ಡಿಗ್ರಿಯವರೆಗೆ ಸಲೀಸಾಗಿ ಏರಿಸುತ್ತದೆ. ಆದರೆ ಸೋರಿದರೆ ಭೂಮಿಯನ್ನು ಬಿಸಿ ಮಾಡುವ ಅದರ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ 1,430 ಪಟ್ಟು. ಆರ್-290 ಎಂದರೆ ಪ್ರೊಪೇನ್, ನಮ್ಮ ಎಲ್‌ಪಿಜಿಯಲ್ಲಿರುವ ಅನಿಲವೇ. ಅದರಿಂದ ಹವೆಗೆ ಆಗುವ ಹಾನಿ ಅತ್ಯಲ್ಪ, ನೀರೂ 70 ಡಿಗ್ರಿಯವರೆಗೆ ಏರುತ್ತದೆ, ಆದರೆ ಹೊತ್ತಿಕೊಳ್ಳುತ್ತದೆ. ಅಂಥ ಯಂತ್ರವನ್ನು ತೆರೆದ ಗಾಳಿಯಲ್ಲಿ, ಗ್ಯಾಸ್ ಗೀಸರಿನ ಉರಿಯಿಂದ ದೂರ, ಮನೆಯ ಇನ್ನೊಂದು ಮಗ್ಗುಲಿಗೆ ಇಡಬೇಕು. ನನ್ನ ಒಲವು ಆರ್-290ರ ಕಡೆಗಿದೆ. ಆದರೂ ಕೊಳ್ಳುವ ಮೊದಲು ನಿಮ್ಮ ಊರಿನ ಫ್ರಿಜ್, ಏಸಿ ರಿಪೇರಿಯವರನ್ನು ಕೇಳಿ: ಈ ಶೀತಕ ಅವರ ಬಳಿ ಇದೆಯೇ, ಅದನ್ನು ತುಂಬುವ ತರಬೇತಿ ಆಗಿದೆಯೇ? ಎರಡಕ್ಕೂ ಇಲ್ಲ ಎಂಬ ಉತ್ತರ ಬಂದರೆ, ಅವರು ರಿಪೇರಿ ಮಾಡಬಲ್ಲದ್ದನ್ನೇ ತೆಗೆದುಕೊಳ್ಳಿ.